ಅಂಗಿ ಹರಿದದ್ದು ಯಾವ ಕಡೆಯಿಂದ?

ಕಥೆ ಪುಸ್ತಕ ಓದುವವರ ಮೇಲೆ ನಮ್ಮಲ್ಲಿ ಎರಡು ಕಡೆಯಿಂದ ತೀರ್ಪು ಬರುತ್ತದೆ. ಒಂದು ಕಡೆ ಮೊಹಲ್ಲಾದ ಹಿರಿಯರು. ಹುಡುಗ ಪತ್ತೇದಾರಿ ಕಾದಂಬರಿ ಹಿಡಿದು ಕೂತರೆ ಅವರಿಗೆ ಅದು 'ಫುಜೂಲ್', ಜಾದೂ-ಜಿನ್ನುಗಳ ಕಥೆ ಹಿಡಿದರೆ ಈಮಾನಿಗೆ ಅಪಾಯ, ನಾಟಕವೆಂದರೆ ಕೆಟ್ಟುಹೋಗುವ ದಾರಿ. ಇನ್ನೊಂದು ಕಡೆ ಕನ್ನಡದ ಸಾಹಿತ್ಯ ವಿಮರ್ಶಕರು. ಅವರಿಗೆ ಪತ್ತೇದಾರಿ ಎಂದರೆ ಬಸ್‌ಸ್ಟ್ಯಾಂಡಿನ ಸರಕು, ಮಾಯಾಲೋಕದ ಕಥೆ ಎಂದರೆ ಮಕ್ಕಳ ಆಟಿಕೆ, ಹಳೆಯ ನಾಟಕವೆಂದರೆ ಎಂ.ಎ. ತರಗತಿಯ ಪಠ್ಯ. ಈ ಇಬ್ಬರೂ ಒಂದೇ ವೇದಿಕೆ ಹತ್ತಿದ್ದನ್ನು ನಾನು ನೋಡಿಲ್ಲ. ಆದರೆ ಈ ವಿಷಯದಲ್ಲಿ ಮಾತ್ರ ಅವರ ನಡುವೆ ಭಿನ್ನಾಭಿಪ್ರಾಯವೇ ಇಲ್ಲ.

ನನ್ನ ತಕರಾರು ಇಬ್ಬರ ಮೇಲೂ ಇದೆ. ಪತ್ತೇದಾರಿ, ಮಾಯಾಕಥೆ ಮತ್ತು ನಾಟಕ ಈ ಮೂರೂ ಓದುಗನಿಗೆ ಒಂದು ಅಭ್ಯಾಸ ಕಲಿಸುತ್ತವೆ. ಆರೋಪ ಕಿವಿಗೆ ಬಿದ್ದ ಕೂಡಲೇ ತೀರ್ಪು ಕೊಡದೆ ತಡೆದು ನಿಲ್ಲುವ ಅಭ್ಯಾಸ ಅದು. ಈ ಅಭ್ಯಾಸ ತಪ್ಪಿದ ಸಮಾಜದಲ್ಲಿ ಯಾರ ಜೀವಕ್ಕೆ ಕುತ್ತು ಬರುತ್ತದೆ ಎಂಬುದನ್ನು ಮುಸ್ಲಿಂ ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಆದರೂ ಈ ಪುಸ್ತಕಗಳನ್ನು ನಮ್ಮ ಮಕ್ಕಳ ಕೈಯಿಂದ ಕಿತ್ತುಕೊಳ್ಳುವುದರಲ್ಲಿ ನಾವೇ ಮುಂದಿದ್ದೇವೆ.

ನಾನು ಕ್ಯಾಸಂಬಳ್ಳಿಯವನು. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಹೆಸರಿನಲ್ಲಿರುವ 'ಕೆ' ನಮ್ಮೂರೇ. ಮನೆಯಲ್ಲಿ ದಖನಿ, ಸಂತೆಯಲ್ಲಿ ತೆಲುಗು, ಚಿನ್ನದ ಗಣಿಯ ಕಾಲೋನಿಗಳಲ್ಲಿ ತಮಿಳು, ಕಚೇರಿಯಲ್ಲಿ ಕನ್ನಡ. ಉರ್ದು ಪ್ರೈಮರಿ ಶಾಲೆಯಲ್ಲಿ ಅಕ್ಷರ ಕಲಿತು ಕನ್ನಡ ಹೈಸ್ಕೂಲಿಗೆ ಹೋದ ನನ್ನಂಥವರಿಗೆ ಓದುವ ಹುಚ್ಚು ಹಿಡಿಸಿದ್ದು ಪಠ್ಯಪುಸ್ತಕವಲ್ಲ. ಉರ್ದುವಿನಲ್ಲಿ ಇಬ್ನೆ ಸಫಿ, ಕನ್ನಡದಲ್ಲಿ ಎನ್. ನರಸಿಂಹಯ್ಯ. ರಾಬರ್ಟ್‌ಸನ್‌ಪೇಟೆಯಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ ಮುಖಪುಟ ಕಿತ್ತುಹೋದ ಪ್ರತಿಗಳು ಸಿಗುತ್ತಿದ್ದವು. ಕೊನೆಯ ಪುಟ ಇದೆಯೋ ಇಲ್ಲವೋ ಎಂದು ನೋಡಿಕೊಂಡು ತರಬೇಕಿತ್ತು. ಕೊನೆಯ ಪುಟವಿಲ್ಲದಿದ್ದರೆ ಕೊಲೆಗಾರನನ್ನು ನಾವೇ ಹುಡುಕಿಕೊಳ್ಳಬೇಕಾಗುತ್ತಿತ್ತು.

ಈ ಇಬ್ಬರು ಲೇಖಕರು ಮಾಡಿದ ಕೆಲಸವೇನು ಸಣ್ಣದಲ್ಲ. ನರಸಿಂಹಯ್ಯನವರು ಓದಿದ್ದು ನಾಲ್ಕನೆಯ ತರಗತಿ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಕನ್ನಡ ಓದಲು ಕಲಿತವರಲ್ಲಿ ಕೂಲಿಯವರಿದ್ದರು, ಕಂಡಕ್ಟರುಗಳಿದ್ದರು, ಮುಂದೆ ಪ್ರೊಫೆಸರಾದವರೂ ಇದ್ದರು. 2011ರಲ್ಲಿ ಅವರು ತೀರಿಕೊಂಡರು. ಕನ್ನಡ ಸಾಹಿತ್ಯ ಚರಿತ್ರೆಯ ದಪ್ಪ ಸಂಪುಟಗಳನ್ನು ತೆಗೆದು ನೋಡಿ, ಅವರಿಗೆ ಎಷ್ಟು ಸಾಲು ಸಿಕ್ಕಿದೆ ಎಂದು ಎಣಿಸಿ. 'ಬಂಗಾರದ ಮನುಷ್ಯ' ಬರೆದ ಟಿ.ಕೆ. ರಾಮರಾಯರನ್ನು ಸಿನಿಮಾದಿಂದಾಗಿ ಜನ ನೆನೆಯುತ್ತಾರೆ. ಅವರ ಪತ್ತೇದಾರಿ ಕಾದಂಬರಿಗಳ ಬಗ್ಗೆ ಯಾವ ವಿಚಾರ ಸಂಕಿರಣವೂ ನಡೆದದ್ದನ್ನು ನಾನು ಕೇಳಿಲ್ಲ.

ಇಬ್ನೆ ಸಫಿಯದು ಇನ್ನೊಂದು ಕಥೆ. ಅಲಹಾಬಾದಿನ ಅಸ್ರಾರ್ ಅಹಮದ್ 1952ರಲ್ಲಿ 'ಜಾಸೂಸಿ ದುನಿಯಾ' ಮಾಲೆ ಶುರುಮಾಡಿದರು. ಅದೇ ವರ್ಷ ಕರಾಚಿಗೆ ಹೋದರು. 1955ರಿಂದ ಇಮ್ರಾನ್ ಮಾಲೆ. ದೇಶ ಎರಡಾದರೂ ಓದುಗರು ಎರಡಾಗಲಿಲ್ಲ, 1980ರಲ್ಲಿ ಅವರು ತೀರಿಕೊಳ್ಳುವವರೆಗೂ ಪುಸ್ತಕಗಳು ಗಡಿಯ ಎರಡೂ ಕಡೆ ಅಚ್ಚಾಗುತ್ತಿದ್ದವು. ಅಶ್ಲೀಲ ಬರೆದರೆ ಮಾತ್ರ ಪುಸ್ತಕ ಖರ್ಚಾಗುತ್ತದೆ ಎಂದವರಿಗೆ ಉತ್ತರ ಕೊಡಲೆಂದೇ ಅವರು ಈ ದಾರಿ ಹಿಡಿದರು ಎಂಬ ಮಾತಿದೆ. ಅವರ ಪುಸ್ತಕವನ್ನು ಮನೆಯಲ್ಲಿ ತಾಯಿಯೂ ಓದಬಹುದಿತ್ತು, ಮಗಳೂ ಓದಬಹುದಿತ್ತು. ಇಂಥ ಲೇಖಕನನ್ನು 'ಫುಜೂಲ್' ಎನ್ನುವ ನಮ್ಮ ಹಿರಿಯರು ಒಂದು ಪುಟವನ್ನಾದರೂ ಓದಿದ್ದಾರೆಯೇ?

ಕಥೆಗೆ ಹೆದರುವ ಈ ರೋಗ ಧರ್ಮದಿಂದ ಬಂದದ್ದಲ್ಲ. ಅದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಸುಧಾರಕರ ಬಳುವಳಿ. ಡೆಪ್ಯುಟಿ ನಜೀರ್ ಅಹಮದರು 1870ರ ದಶಕದಲ್ಲಿ ಬರೆದ 'ತೌಬತುನ್ನಸೂಹ್' ಕಾದಂಬರಿಯಲ್ಲಿ ಒಬ್ಬ ತಂದೆ ಇದ್ದಾನೆ. ಕಾಲರಾದಿಂದ ಬದುಕಿ ಉಳಿದು ತೌಬಾ ಮಾಡಿದ ಮೇಲೆ ಅವನು ಹಿರಿಯ ಮಗನ ಕೋಣೆಗೆ ನುಗ್ಗಿ, ಅವನು ಕೂಡಿಟ್ಟ ಕವಿತೆ, ಕಥೆಗಳ ಪುಸ್ತಕಗಳಿಗೆ ಬೆಂಕಿ ಹಾಕುತ್ತಾನೆ. ಪುಸ್ತಕ ಸುಡುವ ಆ ತಂದೆಯೇ ಕಾದಂಬರಿಯ ಆದರ್ಶ ಪುರುಷ! ಕಥೆಯನ್ನು ಸುಡಬೇಕು ಎಂದು ಹೇಳಲೂ ನಜೀರ್ ಅಹಮದರಿಗೆ ಒಂದು ಕಥೆಯೇ ಬೇಕಾಯಿತು. ಇದನ್ನು ಯಾರೂ ಗಮನಿಸಲಿಲ್ಲ. ಬೆಂಕಿ ಹಾಕುವುದನ್ನು ಮಾತ್ರ ಕಲಿತರು.

ಧರ್ಮದ ಮಾತೇ ಬೇಕೆನ್ನುವವರು ಯೂಸುಫ್ ಅಧ್ಯಾಯವನ್ನು ತೆಗೆದು ಓದಲಿ. ಕುರ್‌ಆನ್ ಅದನ್ನು ಅತ್ಯುತ್ತಮ ಕಥನ ಎಂದು ಕರೆಯುತ್ತದೆ. ಅಲ್ಲಿ ಎರಡು ಅಂಗಿಗಳು ಬರುತ್ತವೆ. ಅಣ್ಣಂದಿರು ಯೂಸುಫರ ಅಂಗಿಗೆ ಸುಳ್ಳು ರಕ್ತ ಬಳಿದು ತೋಳ ತಿಂದಿತು ಎನ್ನುತ್ತಾರೆ, ತಂದೆ ಯಾಕೂಬರು ನಂಬುವುದಿಲ್ಲ. ಮುಂದೆ ಯಜಮಾನನ ಹೆಂಡತಿ ಯೂಸುಫರ ಮೇಲೆ ಆರೋಪ ಹೊರಿಸಿದಾಗ ಆಕೆಯ ಮನೆಯವನೇ ಒಬ್ಬ ಪರೀಕ್ಷೆಯ ದಾರಿ ಹೇಳುತ್ತಾನೆ. ಅಂಗಿ ಮುಂದಿನಿಂದ ಹರಿದಿದ್ದರೆ ಆಕೆ ಹೇಳುವುದು ನಿಜ, ಹಿಂದಿನಿಂದ ಹರಿದಿದ್ದರೆ ಅವನು ಹೇಳುವುದು ನಿಜ. ನೋಡಿದರೆ ಅಂಗಿ ಹಿಂದಿನಿಂದ ಹರಿದಿತ್ತು. ಆರೋಪಿ ಪರದೇಶಿ, ಗುಲಾಮ. ಆರೋಪ ಹೊರಿಸಿದವಳು ದೊಡ್ಡ ಮನೆಯವಳು. ಆದರೂ ಆ ಮನೆಯವನು ಯಾರು ದೊಡ್ಡವರು ಎಂದು ಕೇಳಲಿಲ್ಲ, ಅಂಗಿ ಯಾವ ಕಡೆಯಿಂದ ಹರಿದಿದೆ ಎಂದು ಕೇಳಿದ. ಪತ್ತೇದಾರಿ ಸಾಹಿತ್ಯದ ಸಾರವೇ ಈ ಪ್ರಶ್ನೆ. ಇನ್ನೊಂದು ಮಾತನ್ನೂ ಮರೆಯಬಾರದು. ಸಾಕ್ಷ್ಯ ಯೂಸುಫರ ಪರವಾಗಿದ್ದರೂ ಅವರು ಜೈಲಿಗೆ ಹೋದರು. ಸಾಕ್ಷ್ಯ ಸಿಕ್ಕರೆ ಸಾಲದು, ಅದನ್ನು ಒಪ್ಪುವ ಮನಸ್ಸುಳ್ಳ ಸಮಾಜವೂ ಬೇಕು ಎಂಬುದೂ ಆ ಕಥೆಯಲ್ಲೇ ಇದೆ.

ಇನ್ನು ಪತ್ತೇದಾರಿ ಎಂಬುದು ಇಂಗ್ಲಿಷರಿಂದ ಬಂದ ಅಗ್ಗದ ಮಾಲು ಎನ್ನುವ ವಿಮರ್ಶಕರ ಮಾತು. ಅಮೀರ್ ಖುಸ್ರೋ 1302ರಲ್ಲಿ ಬರೆದ 'ಹಶ್ತ್ ಬಿಹಿಶ್ತ್' ಕಾವ್ಯದಲ್ಲಿ ಸರಂದೀಪದ, ಎಂದರೆ ಲಂಕೆಯ, ಮೂವರು ರಾಜಕುಮಾರರ ಕಥೆ ಇದೆ. ದಾರಿಯಲ್ಲಿ ಹುಲ್ಲು ಒಂದೇ ಬದಿಯಲ್ಲಿ ಮೇಯ್ದಿರುವುದು, ಹೆಜ್ಜೆ ಗುರುತು ಎಳೆದಂತಿರುವುದು ಇತ್ಯಾದಿ ನೋಡಿ ಇಲ್ಲಿ ಹೋದ ಒಂಟೆಗೆ ಒಂದು ಕಣ್ಣಿಲ್ಲ, ಒಂದು ಕಾಲು ಕುಂಟು ಎಂದು ಅವರು ಹೇಳುತ್ತಾರೆ. ಒಂಟೆ ಕಳೆದುಕೊಂಡವನು, ಇಷ್ಟೆಲ್ಲ ಗೊತ್ತಿದ್ದ ಮೇಲೆ ಕದ್ದವರು ಇವರೇ ಎಂದು ದೂರು ಕೊಡುತ್ತಾನೆ. ರಾಜ ಅವರನ್ನು ಸೆರೆಗೆ ಹಾಕುತ್ತಾನೆ. ಒಂಟೆ ಸಿಕ್ಕ ಮೇಲಷ್ಟೇ ಬಿಡುಗಡೆ. ಈ ಕಥೆ 1557ರಲ್ಲಿ ವೆನಿಸ್‌ನಲ್ಲಿ ಇಟಾಲಿಯನ್ ಪುಸ್ತಕವಾಗಿ ಬಂತು, ಹದಿನೆಂಟನೆಯ ಶತಮಾನದಲ್ಲಿ ವಾಲ್ಟೇರನ 'ಜಾಡಿಗ್' ಒಳಗೆ ರೂಪ ಬದಲಿಸಿ ಕುಳಿತಿತು. ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ, ಮೊದಲ ಪತ್ತೇದಾರಿ ಕಥೆ ಎಂದು ಹೆಸರಾದ ಕಥೆಯಲ್ಲೂ ಪೊಲೀಸರು ನಿರಪರಾಧಿ ಗುಮಾಸ್ತನೊಬ್ಬನನ್ನು ಹಿಡಿದು ಒಳಗೆ ಹಾಕಿರುತ್ತಾರೆ. ಹಾಗಾಗಿ ಈ ಪ್ರಕಾರದ ಹೊಟ್ಟೆಯೊಳಗಿರುವುದು ಬರೀ ಕೊಲೆ, ರಕ್ತ ಅಲ್ಲ. ತಪ್ಪಾಗಿ ಹಿಡಿದವನನ್ನು ಬಿಡಿಸುವ ಆಸೆಯೂ ಇದೆ.

ಷೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಇದನ್ನು ಕಾಗದದ ಮೇಲೆ ಬಿಟ್ಟು ಸುಮ್ಮನಾಗಲಿಲ್ಲ. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ರಾತ್ರಿ ಹೊತ್ತು ಜಾನುವಾರುಗಳ ಹೊಟ್ಟೆ ಸೀಳುತ್ತಾನೆ ಎಂದು 1903ರಲ್ಲಿ ಜಾರ್ಜ್ ಎಡಲ್ಜಿ ಎಂಬ ವಕೀಲನಿಗೆ ಶಿಕ್ಷೆಯಾಯಿತು. ಅವನ ತಂದೆ ಮುಂಬೈ ಮೂಲದ ಪಾರಸಿ, ಕ್ರೈಸ್ತನಾಗಿ ಆ ಹಳ್ಳಿಯ ಪಾದ್ರಿಯಾಗಿದ್ದವನು. ಹಳ್ಳಿಯವರಿಗೆ ಕಪ್ಪು ಮೈಯವನ ಮೇಲೆ ಅನುಮಾನ ಬರಲು ಬೇರೆ ಕಾರಣ ಬೇಕಿರಲಿಲ್ಲ. ಡಾಯ್ಲ್ ಆತನನ್ನು ಮೊದಲು ಕಂಡಾಗ ಅವನು ಪತ್ರಿಕೆಯನ್ನು ಮುಖಕ್ಕೆ ಒತ್ತಿಕೊಂಡಂತೆ ಹಿಡಿದು ಓದುತ್ತಿದ್ದ. ಇಷ್ಟು ಮಂದ ದೃಷ್ಟಿಯವನು ಕತ್ತಲೆಯಲ್ಲಿ ಹೊಲ ದಾಟಿ ಹೋಗಿ ಆ ಕೆಲಸ ಮಾಡುವುದು ಹೇಗೆ? ಡಾಯ್ಲ್ ಪತ್ರಿಕೆಗಳಲ್ಲಿ ಬರೆದರು, ಹೋರಾಡಿದರು. 1907ರಲ್ಲಿ ಸರಕಾರ ಕ್ಷಮಾದಾನ ಕೊಟ್ಟಿತು. ಪತ್ತೇದಾರಿ ಬರೆಯುವ ಕೈ ಸಮಾಜಕ್ಕೆ ಏನು ಕೊಟ್ಟಿತು ಎಂದು ಕೇಳುವವರು ಈ ಹೆಸರನ್ನು ನೆನಪಿಟ್ಟುಕೊಳ್ಳಲಿ.

ಈಗ ನಾಟಕಕ್ಕೆ ಬರೋಣ. 'ಒಥೆಲೋ' ನಾಟಕವನ್ನು ನಾನು ಯಾವಾಗಲೂ ಪತ್ತೇದಾರನಿಲ್ಲದ ಪತ್ತೇದಾರಿ ಕಥೆಯಾಗಿ ಓದುತ್ತೇನೆ. ಅಲ್ಲಿಯೂ ಒಂದು ಬಟ್ಟೆಯ ತುಂಡಿದೆ. ಅದು ಒಂದು ಕರವಸ್ತ್ರ. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಒಥೆಲೋ ಒಂದು ಸಲ ನೆಟ್ಟಗೆ ವಿಚಾರಿಸಿದ್ದರೆ ಡೆಸ್ಡಿಮೋನಾ ಉಳಿಯುತ್ತಿದ್ದಳು. ಅವನು ವಿಚಾರಿಸಲಿಲ್ಲ, ಇಯಾಗೋ ಹೇಳಿದ್ದನ್ನು ನಂಬಿದ. ವೆನಿಸ್‌ನಲ್ಲಿ ಸದಾ ಪರಕೀಯನೆಂದು ಕರೆಸಿಕೊಂಡವನೇ ತನ್ನ ಮನೆಯಲ್ಲಿ ಆರೋಪಿಯ ಮಾತು ಕೇಳದ ನ್ಯಾಯಾಧೀಶನಾದ. ಇದು ನಮಗೂ ಹೇಳಿದ ಮಾತು. ಹೊರಗೆ ಅನುಮಾನಕ್ಕೆ ಗುರಿಯಾದವರು ಮನೆಯೊಳಗೆ ಹೆಣ್ಣುಮಕ್ಕಳ ಮೇಲೆ ಅದೇ ಅನುಮಾನವನ್ನು ಹರಿಯಬಿಡುವುದನ್ನು ನಾವು ದಿನವೂ ನೋಡುತ್ತಿಲ್ಲವೇ? ನಾಟಕ ನೋಡಿ ಹಾಳಾಗುತ್ತಾರೆ ಎನ್ನುವ ಹಿರಿಯರು ಈ ನಾಟಕವನ್ನು ಒಮ್ಮೆ ನೋಡಬೇಕಿತ್ತು.

ಈ ನಾಟಕ ಬಸವಪ್ಪ ಶಾಸ್ತ್ರಿಗಳ ಕೈಯಲ್ಲಿ 'ಶೂರಸೇನ ಚರಿತ್ರೆ'ಯಾಗಿ ಕನ್ನಡಕ್ಕೆ ಬಂತು. ಉತ್ತರ ಆಫ್ರಿಕಾದ ಮೂರ್ ಶೂರಸೇನನಾದ. ಆ ಕಾಲದ ರಂಗಭೂಮಿಗೆ ಅದು ಸಹಜವಾಗಿದ್ದಿರಬಹುದು. ಇಬ್ನೆ ಸಫಿಯ ಕರ್ನಲ್ ಫರೀದಿ ಹಿಂದಿಗೆ ಹೋದಾಗ ವಿನೋದ್ ಆದ, ಇಮ್ರಾನ್ ರಾಜೇಶ್ ಆದ. ಫರೀದಿಯ ಸಹಾಯಕ ಹಮೀದ್ ಮಾತ್ರ ಹಮೀದ್ ಆಗಿಯೇ ಉಳಿದ. ಪ್ರಕಾಶಕರು ವ್ಯಾಪಾರದ ಲೆಕ್ಕ ಹಾಕಿರಬಹುದು. ಆದರೆ ಓದುಗನ ಮನಸ್ಸಿನಲ್ಲಿ ಒಂದು ಲೆಕ್ಕ ಉಳಿದುಬಿಡುತ್ತದೆ: ಬುದ್ಧಿವಂತನಿಗೆ, ವೀರನಿಗೆ ಇಂಥ ಹೆಸರು ಹೊಂದುವುದಿಲ್ಲ. ಇದೂ ಒಂದು ಪೂರ್ವಗ್ರಹವೇ. ಮೂಲದ ಹೆಸರಿನಲ್ಲೇ ಓದುವ ಓದುಗರು ಇವತ್ತು ಇದ್ದಾರೆ. ನಮ್ಮ ಪ್ರಕಾಶಕರು ಅವರನ್ನು ನಂಬಬೇಕು.

ನಾಟಕದ ದೊಡ್ಡ ಗುಣ ಇನ್ನೊಂದಿದೆ. ಶತ್ರು ಸಹ ಅಲ್ಲಿ ತನ್ನ ಬಾಯಿಂದಲೇ ಮಾತಾಡಬೇಕು. ಬಿ.ಎಂ.ಶ್ರೀ. ಅವರು 1935ರಲ್ಲಿ ಈಸ್ಕಿಲಸ್‌ನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಕ್ರಿ.ಪೂ. 480ರಲ್ಲಿ ಸಲಾಮಿಸ್ ಕಾಳಗದಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದರು. ಎಂಟೇ ವರ್ಷಗಳ ನಂತರ, ಪರ್ಷಿಯನ್ನರು ಸುಟ್ಟಿದ್ದ ಅಥೆನ್ಸ್ ನಗರದಲ್ಲೇ, ಅವರ ವಿರುದ್ಧ ಸ್ವತಃ ಕತ್ತಿ ಹಿಡಿದಿದ್ದ ಕವಿ ಸೋತವರ ಅರಮನೆಯ ಅಳಲನ್ನು, ರಾಜಮಾತೆಯ ಸಂಕಟವನ್ನು ರಂಗಕ್ಕೆ ತಂದ. ಗೆದ್ದವರು ಕೂತು ಅದನ್ನು ನೋಡಿದರು. ಇವತ್ತು ನಮ್ಮ ಸುಲ್ತಾನರ ಮೇಲೆ ಬರುತ್ತಿರುವ ಸಿನಿಮಾಗಳನ್ನು, ರಂಗಪ್ರಯೋಗಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡೂವರೆ ಸಾವಿರ ವರ್ಷಗಳಲ್ಲಿ ನಾವು ಮುಂದೆ ಹೋಗಿದ್ದೇವೆಯೋ ಹಿಂದೆ ಬಂದಿದ್ದೇವೆಯೋ? ಗಿರೀಶ ಕಾರ್ನಾಡರು 1964ರಲ್ಲಿ 'ತುಘಲಕ್' ಬರೆದಾಗ ಆ ಸುಲ್ತಾನನಿಗೆ ಕನಸೂ ಇತ್ತು, ಕ್ರೌರ್ಯವೂ ಇತ್ತು. ಅವನು ಮನುಷ್ಯನಾಗಿದ್ದ. ಅಷ್ಟು ಸಾಕಿತ್ತು.

ಮೂರನೆಯದು ಮಾಯಾಕಥೆ. ಲಕ್ನೋದ ನವಲ್ ಕಿಶೋರ್ ಪ್ರೆಸ್ 1883ರಿಂದ ಅಚ್ಚುಮಾಡಿದ 'ತಿಲಿಸ್ಮೆ ಹೋಶ್‌ರುಬಾ' ಸಾವಿರಾರು ಪುಟಗಳ ದಾಸ್ತಾನು. ಪ್ರೆಸ್ಸಿನ ಮಾಲೀಕ ಹಿಂದೂ, ಬರೆದವರು ಮುಸ್ಲಿಮರು, ಓದಿದವರು ಎಲ್ಲರೂ. ಅದರೊಳಗಿನ ವೇಷಗಾರ ಗೂಢಚಾರರಾದ ಅಯ್ಯಾರರನ್ನೇ ದೇವಕೀನಂದನ ಖತ್ರಿ 'ಚಂದ್ರಕಾಂತಾ'ಕ್ಕೆ ಕರೆತಂದರು. ನಮ್ಮ ಬಿಜಾಪುರದಲ್ಲಿ ಅದಕ್ಕೂ ಎರಡು ಶತಮಾನ ಮೊದಲೇ ನುಸ್ರತಿ 'ಗುಲ್ಶನೆ ಇಶ್ಕ್' ಬರೆದಿದ್ದ. ಅದು ಮನೋಹರ-ಮಧುಮಾಲತಿಯರ ಪ್ರೇಮಕಥೆ. ಕಥೆ ಈ ನೆಲದ್ದು, ಭಾಷೆ ದಖನಿ, ಒಳಗೆ ಪರಿಗಳು. ಹಾಗಿರುವಾಗ ಮಾಯಾಕಥೆ ನಮ್ಮದಲ್ಲ, ಹ್ಯಾರಿ ಪಾಟರ್ ಜೊತೆ ವಿಮಾನದಲ್ಲಿ ಬಂತು ಎನ್ನುವುದು ಎಂಥ ಮರೆವು!

ತಿಲಿಸ್ಮ್ ಎಂದರೆ ಏನು? ಮಾಂತ್ರಿಕನೊಬ್ಬ ಕಟ್ಟಿದ ಸುಳ್ಳು ಲೋಕ. ಒಳಗೆ ಹೋದವನಿಗೆ ಎಲ್ಲವೂ ನಿಜವೆಂದೇ ಕಾಣುತ್ತದೆ. ಆದರೆ ದಾಸ್ತಾನಿನ ನಿಯಮ ಒಂದಿದೆ, ಪ್ರತಿ ತಿಲಿಸ್ಮಿಗೂ ಒಂದು ಫಲಕವಿರುತ್ತದೆ, ಅದನ್ನು ಸರಿಯಾಗಿ ಓದಿದವನು ಆ ಲೋಕವನ್ನು ಒಡೆಯಬಹುದು. ಇದನ್ನು ಓದಿ ಬೆಳೆದ ಹುಡುಗ ತನ್ನ ಮೊಬೈಲಿನೊಳಗೆ ಬರುವ ಸುಳ್ಳು ಲೋಕವನ್ನು ಹೆಚ್ಚು ಅನುಮಾನದಿಂದ ನೋಡುತ್ತಾನೆ ಎಂಬುದು ನನ್ನ ನಂಬಿಕೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೂಲಿಗೆ ಬಂದಿದ್ದ ಹಿಂದೂ ಯುವಕನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಮುಸ್ಲಿಂ ಇಂಜಿನಿಯರನನ್ನು ಅದೇ ವಾಟ್ಸಾಪ್ ವದಂತಿ ಕೊಂದಿತು. ಜೊತೆಯವನೊಬ್ಬ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅಪರಾಧದ ಸಾಕ್ಷಿಯಾಯಿತು. ಕೊಂದವರು ಕಥೆ ಓದಿ ಕೆಟ್ಟವರಲ್ಲ. ಒಂದು ಕಟ್ಟುಕಥೆಯನ್ನು ಕಥೆ ಎಂದು ಗುರುತಿಸಲಾರದವರು.

ನಮ್ಮ ಊರಿನ ಪಕ್ಕದಲ್ಲೇ ಈಗ ದೊಡ್ಡ ತಿಲಿಸ್ಮೊಂದು ಎದ್ದಿದೆ. 2018 ಮತ್ತು 2022ರಲ್ಲಿ ಬಂದ ಸಿನಿಮಾಗಳಿಂದಾಗಿ ಕೆಜಿಎಫ್ ಎಂದರೆ ಬಂದೂಕು, ಬಾಸು, ಸಾಮ್ರಾಜ್ಯ ಎಂದು ಇಡೀ ದೇಶ ತಿಳಿದಿದೆ. ನನಗೆ ಮಾಯಾಕಥೆಯ ಮೇಲೆ ಸಿಟ್ಟಿಲ್ಲ. ಆದರೆ 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಂದಿನಿಂದ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ತೆಗೆದವರು ಯಾರು, ಮೂರು ಕಿಲೋಮೀಟರಿಗೂ ಆಳದಲ್ಲಿ ಕಲ್ಲಿನ ದೂಳು ಕುಡಿದು ಪುಪ್ಪುಸ ಕೆಟ್ಟವರು ಎಲ್ಲಿ ಹೋದರು, ಸೈನೈಡ್ ದಿಬ್ಬಗಳ ದೂಳು ಗಾಳಿಗೆ ಯಾರ ಮನೆಗೆ ಬರುತ್ತದೆ? ಈ ಪ್ರಶ್ನೆ ಕೇಳುವ ಪತ್ತೇದಾರನೊಬ್ಬ ಬೇಕು. ಕೆಜಿಎಫ್‌ಗೆ ಮಾಯಾಕಥೆ ಸಿಕ್ಕಿತು, ತನಿಖೆ ಮಾಡುವ ಕಾದಂಬರಿ ಇನ್ನೂ ಸಿಕ್ಕಿಲ್ಲ.

ಯಾಕೆ ಸಿಕ್ಕಿಲ್ಲ ಎಂಬುದಕ್ಕೆ ವಿಮರ್ಶಕರೂ ಉತ್ತರ ಹೇಳಬೇಕು. ಮುಸ್ಲಿಂ ಲೇಖಕನಿಂದ ಅವರು ಬಯಸುವುದು ಎರಡೋ ಮೂರೋ ವಿಷಯ: ತಲಾಖ್, ಬುರ್ಖಾ, ಕೋಮುಗಲಭೆ. ಸಾರಾ ಅಬೂಬಕ್ಕರ್, ಬೊಳುವಾರು, ಬಾನು ಮುಷ್ತಾಕ್ ಮುಂತಾದವರು ಈ ನೋವುಗಳನ್ನು ಬರೆದು ಕನ್ನಡವನ್ನು ದೊಡ್ಡದು ಮಾಡಿದ್ದಾರೆ. 2025ರಲ್ಲಿ ಬಾನು ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ನನ್ನ ತಕರಾರು ಅವರ ಮೇಲಲ್ಲ, ನಮ್ಮಿಂದ ಅಷ್ಟನ್ನೇ ಕೇಳುವವರ ಮೇಲೆ. ತೇಜಸ್ವಿ 'ಜುಗಾರಿ ಕ್ರಾಸ್' ಬರೆದರೆ ರೋಚಕ ಕಾದಂಬರಿಯ ಚೌಕಟ್ಟಿನಲ್ಲಿ ಹೊಸ ಸಾಧ್ಯತೆ ಎನ್ನುತ್ತೀರಿ. ನನ್ನ ಕಥೆಯಲ್ಲಿ ಒಂದು ಕೊಲೆ ನಡೆದರೆ, ಕೊಂದವರು ಯಾರು ಎಂದು ಕೇಳುವುದಕ್ಕೆ ಮೊದಲು, ಇದರಲ್ಲಿ ಮುಸ್ಲಿಂ ಸಂವೇದನೆ ಎಲ್ಲಿದೆ ಎಂದು ಕೇಳುತ್ತೀರಿ. ಮಾವಿನ ಮಂಡಿಯ ಲೆಕ್ಕದ ಪುಸ್ತಕದಲ್ಲಿ ಆದ ಮೋಸವನ್ನು ಪತ್ತೆ ಹಚ್ಚುವ ರಜಿಯಾ ಎಂಬವಳನ್ನು ನಾನು ಸೃಷ್ಟಿಸಿದರೆ ಅವಳಿಗೆ ಕಥೆಯಲ್ಲಿ ಜಾಗವಿಲ್ಲವೇ? ಅವಳು ಅಳಲೇಬೇಕೇ?

ಈ ಪ್ರಕಾರಗಳಲ್ಲಿ ಕಸವೂ ಇದೆ, ಅದನ್ನು ಒಪ್ಪಬೇಕು. ಕಳ್ಳಸಾಗಣೆದಾರ ಎಂದರೆ ಇಂಥದೇ ಗಡ್ಡ, ಇಂಥದೇ ಹೆಸರು ಎಂದು ಬರೆದ ಪತ್ತೇದಾರಿಗಳು ಕಡಿಮೆಯೇನಲ್ಲ. ಹಾಗೆಂದು ಇಡೀ ಪ್ರಕಾರವನ್ನು ಬಿಟ್ಟುಕೊಟ್ಟರೆ ಆ ಹೆಸರುಗಳನ್ನು ಬದಲಿಸುವವರು ಯಾರು?

ಕೊನೆಗೆ ಒಂದು ನಿಜವಾದ ಪ್ರಕರಣ. ಮೂಡಿಗೆರೆಯಲ್ಲಿ ಬೆಳೆದು ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಡಾ. ಮೊಹಮ್ಮದ್ ಹನೀಫ್ ಅವರನ್ನು 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಹುಟ್ಟಿದ ಮಗುವನ್ನು ನೋಡಲು ಊರಿಗೆ ಹೊರಟಿದ್ದರು. ಎರಡು ದಿನ ಮೊದಲು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದವನು ಅವರ ದೂರದ ಸಂಬಂಧಿ, ಬೆಂಗಳೂರಿನವನೇ. ಹನೀಫರ ಸಿಮ್ ಕಾರ್ಡ್ ಆ ಜೀಪಿನಲ್ಲಿ ಸಿಕ್ಕಿತು ಎಂದು ನ್ಯಾಯಾಲಯಕ್ಕೆ ಹೇಳಲಾಯಿತು. ನಮ್ಮ ಪತ್ರಿಕೆಗಳೂ ಟಿವಿಗಳೂ ತೀರ್ಪು ಬರೆಯುವ ಭರದಲ್ಲಿದ್ದವು. ಆಮೇಲೆ ಯಾರೋ ಯೂಸುಫ್ ಕಥೆಯ ಪ್ರಶ್ನೆಯನ್ನೇ ಕೇಳಿದರು: ಸಿಮ್ ಕಾರ್ಡ್ ಸಿಕ್ಕಿದ್ದು ನಿಜವಾಗಿ ಎಲ್ಲಿ? ಸಿಕ್ಕಿದ್ದು ಗ್ಲಾಸ್ಗೋದಲ್ಲಲ್ಲ, ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ, ಇನ್ನೊಬ್ಬನ ಬಳಿ. ಜುಲೈ 27ಕ್ಕೆ ಆರೋಪ ಹಿಂತೆಗೆದರು, 2010ರಲ್ಲಿ ಪರಿಹಾರ ಕೊಟ್ಟರು. ಹನೀಫರಿಗೆ ಇಪ್ಪತ್ತೈದು ದಿನಗಳಲ್ಲಿ ಉತ್ತರ ಸಿಕ್ಕಿತು. 1994ರ ಜನವರಿಯಲ್ಲಿ ಗುಲ್ಬರ್ಗದಲ್ಲಿ ಬಂಧಿತನಾದ ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು ಸುಪ್ರೀಂ ಕೋರ್ಟ್ ನಿರ್ದೋಷಿ ಎಂದು ಬಿಟ್ಟದ್ದು 2016ರ ಮೇ ತಿಂಗಳಲ್ಲಿ. ಹುಡುಗನಾಗಿ ಒಳಗೆ ಹೋದವನು ನಡುವಯಸ್ಸಿನವನಾಗಿ ಹೊರಬಂದ.

ಹಾಗಾಗಿ ಹಿರಿಯರಲ್ಲಿ ನನ್ನ ವಿನಂತಿ: ಮಸೀದಿಯ ಪಕ್ಕದ ವಾಚನಾಲಯದ ಬೀರುವಿನಲ್ಲಿ ಒಂದು ಅರೆಯನ್ನು ಇಬ್ನೆ ಸಫಿಗೆ, ನರಸಿಂಹಯ್ಯನವರಿಗೆ, ದಾಸ್ತಾನುಗಳಿಗೆ ಬಿಟ್ಟುಕೊಡಿ. ಉರ್ದು ಶಾಲೆಯ ಮೇಷ್ಟರು ವರ್ಷಕ್ಕೊಂದು ನಾಟಕವನ್ನು ಮಕ್ಕಳಿಂದ ಆಡಿಸಲಿ, ಶತ್ರುವಿನ ಪಾತ್ರವನ್ನು ತರಗತಿಯ ಅತ್ಯಂತ ಒಳ್ಳೆಯ ಹುಡುಗನಿಗೆ ಕೊಡಲಿ. ವಿಮರ್ಶಕ ಮಿತ್ರರೇ, ಮುಂದಿನ ಸಲ ಒಬ್ಬ ಮುಸ್ಲಿಂ ಹುಡುಗಿ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ ಅವಳ ಸಂಕಟವನ್ನು ಹುಡುಕಬೇಡಿ. ಕೊನೆಯ ಪುಟದವರೆಗೆ ಓದಿ, ಕೊಲೆಗಾರನನ್ನು ಅವಳು ಸರಿಯಾಗಿ ಹಿಡಿದಿದ್ದಾಳೆಯೇ ಎಂದು ನೋಡಿ.